ಅರಸನ ಕಿವಿ ಮುಚ್ಚಿದ ಡೋಲು

ಆಫ್ರಿಕದ ಡೋಲು ಅಂದ ಕೂಡಲೇ ನಮ್ಮ ಓದಿದವರ ಬಾಯಿಗೆ ಬರುವುದು ಎರಡೇ ಮಾತು. ಒಂದು 'ಆದಿಮ', ಇನ್ನೊಂದು 'ಲಯ'. ಕರಿಯರ ರಕ್ತದಲ್ಲೇ ಲಯ ಇದೆಯಂತೆ! ಹೊಗಳಿಕೆಯ ಹಾಗೆ ಕೇಳುವ ಈ ಮಾತಿನ ಹೊಟ್ಟೆಯಲ್ಲಿ ವಿಷವಿದೆ. ರಕ್ತದಲ್ಲೇ ಇದ್ದ ಮೇಲೆ ಕಲಿಯುವುದೇನು? ಬುದ್ಧಿ, ಚರಿತ್ರೆ, ಸಿಟ್ಟು ಯಾವುದೂ ಅವರಿಗೆ ಇಲ್ಲ ಅಂತಾಯ್ತಲ್ಲ. ಎವೆ ಜನರ ನಡುವೆ ಹುಟ್ಟಿದ ಸಂಗೀತ ವಿದ್ವಾಂಸ ಕೋಫಿ ಅಗಾವು, 'ಆಫ್ರಿಕದ ಲಯ' ಅನ್ನುವುದೇ ಒಂದು ಕಟ್ಟುಕತೆ ಎಂದು 1995ರಲ್ಲೇ ವಾದಿಸಿದ್ದಾರೆ.

ಈ ವಾದವನ್ನು ಒರೆಗೆ ಹಚ್ಚಲು ಘಾನಾ ದೇಶದ ಅನ್ಲೊಗಾ ಊರಿನ ಹಬ್ಬ ನೋಡಬೇಕು. ಹೆಸರು ಹೊಗ್ಬೆಟ್ಸೊಟ್ಸೊ. 1962ರಿಂದ ನವೆಂಬರ್ ಮೊದಲ ಶನಿವಾರಕ್ಕೆ ಅನ್ಲೊ ಎವೆ ಜನ ಸೇರುತ್ತಾರೆ. ಅದರ ಬೇರು ಓಡಿಹೋದವರ ಕತೆಯಲ್ಲಿದೆ. ಈಗಿನ ಟೋಗೊ ದೇಶದ ನೋಟ್ಸೆಯಲ್ಲಿ ಅಗೊಕೊಲಿ ಎಂಬ ಅರಸ. ಮುಳ್ಳು ಕಲಸಿದ ಮಣ್ಣು ತುಳಿಸಿದ, ಮಣ್ಣಿನಲ್ಲೇ ಹಗ್ಗ ಹೊಸೆಯಿರಿ ಅಂದ. ಊರ ಸುತ್ತ ಮಣ್ಣಿನ ಗೋಡೆ. ಹೆಂಗಸರು ದಿನಾ ಮುಸುರೆ ನೀರನ್ನು ಗೋಡೆಯ ಒಂದೇ ಜಾಗಕ್ಕೆ ಎರಚಿ ಅದನ್ನು ಮೆತ್ತಗೆ ಮಾಡಿದರು. ಹೊರಡುವ ರಾತ್ರಿ ಡೋಲು ಬಿಡದೆ ಬಡಿಯಿತು. ಅರಸ ಕುಣಿತ ಅಂದುಕೊಂಡ. ಆ ಸದ್ದಿನ ಮರೆಯಲ್ಲಿ ಗೋಡೆ ಬಿತ್ತು. ಹೆಜ್ಜೆಗುರುತು ಊರೊಳಕ್ಕೆ ಬಂದಂತೆ ಕಾಣಲಿ ಅಂತ ಜನ ಹಿಮ್ಮುಖವಾಗಿ ನಡೆದರಂತೆ. ಆ ನಡಿಗೆಯೇ ಇವತ್ತಿನ ಮಿಸೆಗೊ ಕುಣಿತ. 'ಸೊಂಟ ಬಿಗಿ' ಅಂತ ಅದರ ಅರ್ಥ.

ಇನ್ನು ಮೇಳದ ಕಟ್ಟು ನೋಡಿ. ಗಾಂಕೊಗುಯಿ ಅನ್ನುವ ಜೋಡಿ ಕಬ್ಬಿಣದ ಗಂಟೆ ದಾರಿ ಹಾಕುತ್ತೆ. ಅವರ ಅನೇಕ ಕುಣಿತಗಳಲ್ಲಿ ಹನ್ನೆರಡು ಎಣಿಕೆಗೆ ಏಳು ಪೆಟ್ಟು. ಮಣಿ ಹೆಣೆದ ಸೋರೆಬುರುಡೆ ಜೊತೆಗೂಡುತ್ತೆ. ಕಗಾನ್ ಅನ್ನುವ ಚಿಕ್ಕ ಡೋಲು ಒಂದೇ ಮಾತನ್ನು ಹಟದಿಂದ ಹೇಳುತ್ತಿರುತ್ತೆ. ಕಿಡಿ, ಸೊಗೊ ಉತ್ತರ ಕೊಡುತ್ತವೆ. ಆಳೆತ್ತರದ ಅಟ್ಸಿಮೆವು ಮಾತಾಡುತ್ತೆ. ಮಾತಾಡುತ್ತೆ ಅನ್ನುವುದು ಅಲಂಕಾರವಲ್ಲ. ಎವೆ ಭಾಷೆಯಲ್ಲಿ ದನಿ ಏರಿಳಿದರೆ ಅರ್ಥವೇ ಬೇರೆ. ಆ ಏರಿಳಿತವನ್ನು ಕೈ ಚರ್ಮದ ಮೇಲೆ ಹಿಡಿಯುತ್ತೆ. ಭಾಷೆ ಗೊತ್ತಿಲ್ಲದವನಿಗೆ ಅದು ಗದ್ದಲ. ಅಗೊಕೊಲಿಗೂ ಅಷ್ಟೇ ಕೇಳಿಸಿತ್ತು.

ಹಾಗಂತ ಹಬ್ಬವನ್ನು ಕಣ್ಣುಮುಚ್ಚಿ ಹೊಗಳುವುದು ವಿಮರ್ಶೆಯಲ್ಲ. ಅರಸನಿಂದ ತಪ್ಪಿಸಿಕೊಂಡವರ ನೆನಪಿಗೆ ನಡೆಯುವ ಹಬ್ಬದಲ್ಲಿ ಮುಖ್ಯಸ್ಥರು ರಾಜಪೋಷಾಕು ತೊಟ್ಟು ಕೂರುತ್ತಾರೆ, ಜನ ಗೌರವ ಒಪ್ಪಿಸುತ್ತಾರೆ. ಹಬ್ಬಕ್ಕೆ ಮೊದಲು ಊರು ಗುಡಿಸಿ, ಜಗಳ ಬಗೆಹರಿಸಿ, ರಾಜಿಯಾಗುತ್ತಾರೆ ಅನ್ನುವುದೂ ನಿಜ. ಅದು ದೊಡ್ಡ ಗುಣವೇ. ಆದರೂ ಗಾದಿಯ ಕಿವಿ ಮುಚ್ಚಿಸಿದ ಡೋಲು ಗಾದಿಯ ಮುಂದೆ ಬಡಿದಾಗ ಏನು ಹೇಳುತ್ತೆ? ಗೋಡೆ ಕರಗಿಸಿದ್ದು ಹೆಂಗಸರ ನೀರು. ಡೋಲು ಮಾತ್ರ ಹೆಚ್ಚಾಗಿ ಗಂಡಸರ ಕೈಲಿ. ಹೆಂಗಸರ ಪಾಲಿಗೆ ಹಾಡು, ಚಪ್ಪಾಳೆ, ಕುಣಿತ. ಕತೆ ಕೊಟ್ಟ ನ್ಯಾಯವನ್ನು ಮೇಳ ಇನ್ನೂ ಪೂರ್ತಿ ಕೊಟ್ಟಿಲ್ಲ.

ತಮಟೆ ಕೇಳಿ ಬೆಳೆದ ನಾವು 'ಅದೂ ಇದೂ ಒಂದೇ' ಅಂತ ಓಡಿಹೋಗಿ ತಬ್ಬಿಕೊಳ್ಳುವುದೂ ಬೇಡ. ಅಲ್ಲಿ ಚರ್ಮ ಬಡಿಯುವವನನ್ನು ಊರಾಚೆ ಇಟ್ಟಿಲ್ಲ. ನಮ್ಮ ಗೋಡೆಯೇ ಬೇರೆ. ಆದರೆ ಕೇಳುವ ರೀತಿ ಕಲಿಯಬಹುದು. ಡೋಲಿನ ಸದ್ದಿಗೆ ತಲೆದೂಗುವ ಮೊದಲು ಒಂದು ಪ್ರಶ್ನೆ ಹಾಕಿಕೊಳ್ಳಿ: ಈ ಸದ್ದಿನ ಮರೆಯಲ್ಲಿ ಯಾವ ಗೋಡೆ ಬೀಳ್ತಾ ಇದೆ, ನಾವು ಯಾವ ಕಡೆ ನಿಂತಿದ್ದೀವಿ?