ಹುಲ್ಲು ಹೊದ್ದ ಊರನ್ನು ನೋಡುವ ಬಗೆ

ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ವಾರಮ್ ಪರ್ಸಿ ಎಂಬ ಹಾಳೂರಿದೆ. ನಮ್ಮ ಕಂದಾಯ ದಾಖಲೆಗಳ ಬೇಚರಾಕ್ ಗ್ರಾಮಗಳಂತೆ ಹೆಸರುಂಟು, ವಾಸವಿಲ್ಲ. ಮೊದಲ ಸಲ ಹೋದವರಿಗೆ ಕಾಣುವುದು ಮುರಿದ ಚರ್ಚು, ಕೊಳ, ಮೇಯುವ ಕುರಿಗಳು, ಹುಲ್ಲು ಮುಚ್ಚಿದ ಉಬ್ಬುತಗ್ಗು. ಊರಿರುವುದು ಆ ಉಬ್ಬುತಗ್ಗಿನಲ್ಲೇ. ನೋಡುವುದಕ್ಕೊಂದು ಕ್ರಮವಿದೆ.

ಹೊತ್ತು ನೋಡಿ ಹೋಗಿ. ನಡುಹಗಲ ಬಿಸಿಲಿಗೆ ನೆಲವೆಲ್ಲ ಸಪಾಟಾಗಿ ಕಾಣುತ್ತದೆ. ಬೆಳಗ್ಗೆ ಅಥವಾ ಸಂಜೆ, ಸೂರ್ಯ ಕೆಳಗಿರುವಾಗ, ಗೇಣೆತ್ತರದ ಬದುವೂ ನೆರಳು ಚೆಲ್ಲುತ್ತದೆ. ಹುಲ್ಲು ಗಿಡ್ಡವಾಗಿರುವ ಚಳಿಗಾಲ ಇನ್ನೂ ಒಳ್ಳೆಯದು.

ಮೊದಲು ದಾರಿಯನ್ನು ಹುಡುಕಿ. ಕಾಲು, ಗಾಡಿ, ದನಕರು ತುಳಿದು ತುಳಿದು ತಗ್ಗಾದ ಉದ್ದನೆಯ ಓಣಿಯೇ ಊರಿನ ಬೀದಿ. ಅದರ ಪಕ್ಕಕ್ಕೆ ಬದುಗಳು ಕಟ್ಟಿದ ಚೌಕಗಳು ಸಾಲಾಗಿ ಬರುತ್ತವೆ. ಒಂದೊಂದೂ ಒಂದು ಮನೆಯ ನಿವೇಶನ, ಹಿಂದೆ ಅದರ ಹಿತ್ತಿಲು. ಅವುಗಳ ಅಳತೆಯ ಅಚ್ಚುಕಟ್ಟನ್ನು ಗಮನಿಸಿ: ಯಾರೋ ಯೋಜಿಸಿ ಹಂಚಿದ ಊರಿದು. ಚೌಕದೊಳಗಿನ ಸಣ್ಣ ಆಯತಾಕಾರದ ಗುರುತು ರೈತನ ಮನೆ. ದೊಡ್ಡ ದಿಬ್ಬಗಳ ಗುಂಪು ಜಮೀನ್ದಾರನ ವಾಡೆ.

ಆಮೇಲೆ ಚರ್ಚಿಗೆ ಇಳಿಯಿರಿ. ಜನ ಹೆಚ್ಚಿದ ಕಾಲಕ್ಕೆ ಅದಕ್ಕೆ ಪಕ್ಕದ ಅಂಕಣಗಳು ಸೇರಿದವು. ಜನ ಕಡಿಮೆಯಾದಾಗ ಅವನ್ನು ಕೆಡವಿ ಕಮಾನುಗಳನ್ನು ಮುಚ್ಚಿದರು. ಮುಚ್ಚಿದ ಕಮಾನು ಇಂದಿಗೂ ಗೋಡೆಯಲ್ಲಿ ಎದ್ದು ಕಾಣುತ್ತದೆ. ಊರು ಬೆಳೆದದ್ದು, ಕರಗಿದ್ದು ಎರಡೂ ಒಂದೇ ಗೋಡೆಯಲ್ಲಿವೆ.

ಕೊನೆಯಲ್ಲಿ ಕಾರಣ ಕೇಳಿ. 1348-49ರ ಮಹಾಮಾರಿಯೇ ಊರನ್ನು ಅಳಿಸಿತೆಂದು ಹಲವರು ಥಟ್ಟನೆ ಹೇಳುತ್ತಾರೆ. ಆದರೆ ಪ್ಲೇಗ್ ಮುಗಿದ ಮೇಲೂ ಇಲ್ಲಿ ಜನ ಬಾಳಿದರು. ಉಣ್ಣೆಗೆ ಬೆಲೆ ಬಂದಾಗ ಭೂಮಾಲೀಕರಿಗೆ ಉಳುವವರಿಗಿಂತ ಕುರಿ ಲಾಭವೆನಿಸಿತು. ಸುಮಾರು 1500ರ ಹೊತ್ತಿಗೆ ಉಳಿದಿದ್ದ ಕೆಲವೇ ಕುಟುಂಬಗಳನ್ನೂ ಎಬ್ಬಿಸಲಾಯಿತು. ಹೊಲ ಕುರಿಗಾವಲಾಯಿತು. ನೇಗಿಲು ಮತ್ತೆ ತಾಗದ್ದರಿಂದಲೇ ಬೀದಿ, ಮನೆ, ಹಿತ್ತಿಲುಗಳ ಗೆರೆ ಉಳಿಯಿತು.

ಮಾರಿಸ್ ಬೆರೆಸ್‌ಫರ್ಡ್ 1950ರಲ್ಲಿ ಇಲ್ಲಿ ಉತ್ಖನನ ಆರಂಭಿಸಿದರು. ಜಾನ್ ಹರ್ಸ್ಟ್ ಜೊತೆಗೂಡಿದ ಮೇಲೆ ಅದು 1990ರವರೆಗೂ ಸಾಗಿತು. ರಾಜರ ಚರಿತ್ರೆಯಲ್ಲಿ ಹೆಸರಿಲ್ಲದ ರೈತರ ಬದುಕು ಅವರ ಶ್ರಮದಿಂದ ಬೆಳಕಿಗೆ ಬಂತು. ಇಂಗ್ಲೆಂಡಿನಲ್ಲಿ ಇಂಥ ಸಾವಿರಾರು ಹಾಳೂರುಗಳಿವೆ. ಇಲ್ಲಿ ಕಣ್ಣು ಪಳಗಿದರೆ ಅವೂ ಅರ್ಥವಾಗತೊಡಗುತ್ತವೆ.

ಒಂದೇ ಕೋರಿಕೆ: ಬದುವನ್ನು ಕೆದಕಬೇಡಿ, ಕಲ್ಲನ್ನು ಎತ್ತಿಟ್ಟುಕೊಳ್ಳಬೇಡಿ. ಆ ರೈತರು ತಮ್ಮ ಊರಿನ ಬಗ್ಗೆ ಬರೆದಿಟ್ಟ ಪುಸ್ತಕವಿಲ್ಲ. ಅವರ ದಾಖಲೆ ಈ ಮಣ್ಣಿನ ಆಕಾರವೇ.