ಪುರಾಣನಾಮಗಳ ಆಯ್ಕೆ: ಸಮೀಕರಣ, ಅಂಕಿತ ಮತ್ತು ಜಾಲನಾಮ

1

ಹೆತ್ತವರು ಇಟ್ಟ ಹೆಸರಿನಲ್ಲಿ ಕುಲ, ಮನೆದೇವರು, ಜನ್ಮನಕ್ಷತ್ರ, ಹಿರಿಯರ ನೆನಪು ಇವೆಲ್ಲ ಕೂಡಿರುತ್ತವೆ. ವ್ಯಕ್ತಿ ತಾನಾಗಿ ಧರಿಸಿದ ಹೆಸರಿನಲ್ಲಿ ಅವನ ಅಪೇಕ್ಷೆಯೂ ಸೇರಿರುತ್ತದೆ. ಲೋಕ ತನ್ನನ್ನು ಹೇಗೆ ಗುರುತಿಸಬೇಕೆಂಬ ಸೂಚನೆ ಅದರಲ್ಲಿದೆ. ಅಂತರಜಾಲದ ಬಳಕೆದಾರರು ಯೂಸರ್‌ನೇಮ್ ಆಗಿ ಇಟ್ಟುಕೊಳ್ಳುವ ಹೆಸರುಗಳು ಈ ಎರಡನೆಯ ವರ್ಗಕ್ಕೆ ಸೇರುತ್ತವೆ. ಅನುಕೂಲಕ್ಕಾಗಿ ಅವುಗಳನ್ನು ಜಾಲನಾಮಗಳೆಂದು ಕರೆಯಬಹುದು. ಕರ್ಣ, ಏಕಲವ್ಯ, ಅಶ್ವತ್ಥಾಮ, ರಾವಣ ಮೊದಲಾದ ಪುರಾಣನಾಮಗಳು ಇವುಗಳಲ್ಲಿ ಕಾಣಸಿಗುತ್ತವೆ. ಮುಖ ಮರೆಸಿಕೊಳ್ಳುವ ಉಪಾಯವೆಂದೋ ಎಳೆಯರ ಷೋಕಿಯೆಂದೋ ಇದನ್ನು ಬದಿಗಿಡುವುದು ಸುಲಭ. ಆದರೆ ಪುರಾಣದ ಹೆಸರನ್ನು ಬದುಕಿರುವ ವ್ಯಕ್ತಿಗೆ ತೊಡಿಸುವ ಕ್ರಮಕ್ಕೆ ಕನ್ನಡದಲ್ಲಿ ಸಾವಿರ ವರ್ಷಗಳಿಗೂ ಮಿಕ್ಕ ಇತಿಹಾಸವಿದೆ. ಆ ಇತಿಹಾಸದ ಬೆಳಕಿನಲ್ಲಿ ಜಾಲನಾಮವನ್ನು ಪರಿಶೀಲಿಸಿದರೆ ಅದರ ಸ್ವರೂಪವೂ ಅದರಲ್ಲಿ ಕಳೆದುಹೋಗಿರುವುದೂ ಸ್ಪಷ್ಟವಾಗುತ್ತವೆ.

2

ಈ ಇತಿಹಾಸದಲ್ಲಿ ಮೂರು ಕ್ರಮಗಳನ್ನು ಗುರುತಿಸಬಹುದು. ಮೊದಲನೆಯದು ಸಮೀಕರಣ. ಪಂಪನು 941ರ ಸುಮಾರಿಗೆ ರಚಿಸಿದ ‘ವಿಕ್ರಮಾರ್ಜುನ ವಿಜಯ’ದಲ್ಲಿ ವೇಮುಲವಾಡದ ಚಾಲುಕ್ಯ ದೊರೆ ಇಮ್ಮಡಿ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದನು, ರನ್ನನು ‘ಗದಾಯುದ್ಧ’ದಲ್ಲಿ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿದನು. ಇಲ್ಲಿ ಹೆಸರನ್ನು ತೊಡಿಸುವವನು ಕವಿ, ತೊಡುವವನು ಅರಸ, ಒಪ್ಪುವ ಅಥವಾ ಅಳೆಯುವ ಅಧಿಕಾರ ಸಹೃದಯರದು. ಈ ಹೊಂದಿಕೆಗಾಗಿ ಕಥೆಯೂ ಮಾರ್ಪಾಡಾಗಬೇಕಾಯಿತು. ಪಂಪನ ದ್ರೌಪದಿ ಅರ್ಜುನನೊಬ್ಬನ ಮಡದಿ; ಕಾವ್ಯದ ಕೊನೆಯಲ್ಲಿ ಪಟ್ಟವೇರುವವನು ಸುಭದ್ರೆಯೊಡಗೂಡಿದ ಅರ್ಜುನ. ಆದರೂ ಸಮೀಕರಣ ಕವಿಯ ವಿವೇಕವನ್ನು ಕಟ್ಟಿಹಾಕಲಿಲ್ಲ. ತನ್ನ ಕಥಾನಾಯಕನ ವೈರಿಯಾದ ಕರ್ಣನಿಗೆ ಪಂಪನು ಸಲ್ಲಿಸಿದ ಗೌರವವೇ ಇದಕ್ಕೆ ನಿದರ್ಶನ.

ಎರಡನೆಯದು ಅಂಕಿತ. ಬಸವಣ್ಣನವರ ‘ಕೂಡಲಸಂಗಮದೇವ’, ಅಕ್ಕಮಹಾದೇವಿಯ ‘ಚೆನ್ನಮಲ್ಲಿಕಾರ್ಜುನ’, ಕನಕದಾಸರ ‘ಕಾಗಿನೆಲೆಯಾದಿಕೇಶವ’ ಇವು ಮಾತನಾಡುವವರ ಹೆಸರುಗಳಲ್ಲ. ಆಡಿದ ಮಾತಿಗೆ ಸಾಕ್ಷಿಯಾಗಿ ನಿಂತ ದೈವದ ಹೆಸರುಗಳು. ದಾಸಪರಂಪರೆಯಲ್ಲಿ ಅಂಕಿತವನ್ನು ಗುರುವಿನಿಂದ ಪಡೆಯುವ ಪದ್ಧತಿಯೂ ಬೆಳೆಯಿತು. ವಿಜಯದಾಸರಿಂದ ಗೋಪಾಲದಾಸರಿಗೆ ‘ಗೋಪಾಲವಿಠಲ’ ಎಂಬ ಅಂಕಿತ ದೊರೆತದ್ದು ಹೀಗೆಯೇ.

ಮೂರನೆಯದು ಸಂಬಂಧಸೂಚಕವಾದ ಕಾವ್ಯನಾಮ. ಗದುಗಿನ ನಾರಣಪ್ಪ ವ್ಯಾಸನೆಂದು ಕರೆದುಕೊಳ್ಳದೆ ಕುಮಾರವ್ಯಾಸನಾದನು. ತೊರವೆ ರಾಮಾಯಣದ ಕವಿ ಕುಮಾರವಾಲ್ಮೀಕಿಯಾದನು. ಇಪ್ಪತ್ತನೆಯ ಶತಮಾನದಲ್ಲಿಯೂ ಈ ವಿನಯ ಮುಂದುವರಿಯಿತು. ಎಸ್.ಆರ್. ನಾರಾಯಣರಾವ್ ‘ಭಾರತೀಸುತ’ರಾದರು. ದ.ರಾ. ಬೇಂದ್ರೆಯವರ ‘ಅಂಬಿಕಾತನಯದತ್ತ’ದಲ್ಲಿ ಹೆತ್ತ ತಾಯಿಯ ಹೆಸರೂ ಜಗನ್ಮಾತೆಯ ಹೆಸರೂ ಒಂದೇ ಪದದಲ್ಲಿ ಬೆರೆತಿವೆ. ‘ಕುಮಾರ’, ‘ಸುತ’, ‘ತನಯ’ ಎಂಬ ಪದಗಳು ಇಲ್ಲಿ ಅಲಂಕಾರಕ್ಕಾಗಿ ಬಂದವಲ್ಲ. ಹೆಸರನ್ನು ಪಡೆದವನು ಅದರ ಋಣವನ್ನೂ ಒಪ್ಪಿಕೊಂಡಿದ್ದಾನೆಂಬುದಕ್ಕೆ ಅವು ಗುರುತುಗಳು.

3

ಜಾಲನಾಮದ ಕ್ರಮ ಇವುಗಳಿಗಿಂತ ಭಿನ್ನ. ಅದು ಸ್ವಯಂಸಮೀಕರಣ. ಇಲ್ಲಿ ಕವಿಯೂ ಅರಸನೂ ಒಬ್ಬನೇ. ಗುರುವಿನ ಅನುಮತಿಯಾಗಲಿ ‘ಕುಮಾರ’ ಎಂಬ ಸಂಕೋಚವಾಗಲಿ ಇಲ್ಲ. ಬಳಕೆದಾರ ಕರ್ಣನ ಮಗನಾಗುವುದಿಲ್ಲ, ನೇರವಾಗಿ ಕರ್ಣನೇ ಆಗುತ್ತಾನೆ. ಒಂದು ಹೆಸರು ಒಬ್ಬರಿಗೇ ಮೀಸಲೆಂಬ ಯಂತ್ರದ ನಿಯಮವಿರುವಲ್ಲಿ ಎರಡನೆಯ ಕರ್ಣ ತನ್ನ ಹೆಸರಿನ ಬಾಲಕ್ಕೆ ಅಂಕಿಯನ್ನೋ ಜನ್ಮವರ್ಷವನ್ನೋ ಜೋಡಿಸಬೇಕಾಗುತ್ತದೆ. ಹಿಂದೆ ‘ಕುಮಾರ’ ಎಂಬ ಪದ ನಿಂತಿದ್ದ ಸ್ಥಾನದಲ್ಲಿ ಈಗ ಅಂಕಿ ನಿಂತಿದೆ.

ಯಾರ ಹೆಸರು ಆಯ್ಕೆಯಾಗುತ್ತದೆ ಎಂಬುದು ಇನ್ನೂ ಮುಖ್ಯವಾದ ಪ್ರಶ್ನೆ. ರಾಮ, ಕೃಷ್ಣ, ಲಕ್ಷ್ಮಿ, ಪಾರ್ವತಿ ಎಂಬ ಹೆಸರುಗಳು ಕರ್ನಾಟಕದ ಮನೆಮನೆಗಳಲ್ಲಿವೆ. ಅವನ್ನು ಧರಿಸಿದರೆ ವಿಶೇಷವೇನೂ ಸೂಚಿತವಾಗದು. ತೊಟ್ಟಿಲಲ್ಲಿ ಇಡಲು ಹಿರಿಯರು ಹಿಂಜರಿಯುವ ಹೆಸರುಗಳೇ ಜಾಲದಲ್ಲಿ ಅರ್ಥವಂತವಾಗುತ್ತವೆ. ಜನ್ಮದ ಕಾರಣಕ್ಕೆ ಅವಮಾನಿತನಾದ ಕರ್ಣ, ಬೆರಳು ಕಳೆದುಕೊಂಡ ಏಕಲವ್ಯ, ಶಾಪಗ್ರಸ್ತನಾಗಿ ಅಲೆಯುವ ಅಶ್ವತ್ಥಾಮ, ಸೋತ ರಾವಣ ಇವರೆಲ್ಲ ಅನ್ಯಾಯವನ್ನೋ ಪರಾಭವವನ್ನೋ ಉಂಡವರು. ತೊಟ್ಟಿಲ ಹೆಸರು ಮಂಗಳವನ್ನು ಬಯಸಿದರೆ ಆಯ್ದ ಹೆಸರು ನೋವಿನ ಪರವಾಗಿ ವಾದಿಸುತ್ತದೆ.

ಈ ಒಲವನ್ನು ಬೆಳೆಸಿದುದರಲ್ಲಿ ಸಾಹಿತ್ಯದ ಪಾಲಿದೆ. ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ ರಾವಣನಿಗೆ ದುರಂತನಾಯಕನ ಘನತೆಯನ್ನು ತಂದಿತು. ಬಿ.ಎಂ.ಶ್ರೀಯವರು ಸೋಫೊಕ್ಲಿಸ್‌ನ ನಾಟಕವೊಂದನ್ನು ‘ಅಶ್ವತ್ಥಾಮನ್’ ಆಗಿ ರೂಪಾಂತರಿಸಿದರು. ಟಿ.ಪಿ. ಕೈಲಾಸಂ ಇಂಗ್ಲಿಷಿನಲ್ಲಿ ಕರ್ಣ, ಏಕಲವ್ಯರನ್ನು ಕುರಿತು ನಾಟಕಗಳನ್ನು ಬರೆದರು. ಕುವೆಂಪು ಅವರ ‘ಶೂದ್ರತಪಸ್ವಿ’ (1944) ಮತ್ತು ‘ಬೆರಳ್‌ಗೆ ಕೊರಳ್’ (1947) ಶಂಬೂಕ, ಏಕಲವ್ಯರ ಪ್ರಸಂಗಗಳನ್ನು ಸಾಮಾಜಿಕ ನ್ಯಾಯದ ಪ್ರಶ್ನೆಗಳಾಗಿ ಮಾರ್ಪಡಿಸಿದವು. ಕಾರ್ಕಳ ಮೂಲದ ಅನಂತ ಪೈ 1967ರಲ್ಲಿ ಆರಂಭಿಸಿದ ‘ಅಮರ ಚಿತ್ರಕಥೆ’ ಮತ್ತು 1988-90ರಲ್ಲಿ ದೂರದರ್ಶನ ಬಿತ್ತರಿಸಿದ ‘ಮಹಾಭಾರತ’ ಈ ಪಾತ್ರಗಳಿಗೆ ಮುಖಚಹರೆ ಕೊಟ್ಟು ಓದದವರಿಗೂ ತಲುಪಿಸಿದವು.

4

ಈ ಆಯ್ಕೆಗೆ ಸಾಮಾಜಿಕವಾದ ಕಾರಣವೂ ಇದೆ. ಕನ್ನಡನಾಡಿನಲ್ಲಿ ವ್ಯಕ್ತಿಯ ಹೆಸರು, ಅಡ್ಡಹೆಸರು, ಊರ ಹೆಸರು ಹಲವು ವೇಳೆ ಜಾತಿಯನ್ನು ಬಯಲುಮಾಡುತ್ತವೆ. ಮಾತು ಕೇಳುವ ಮುನ್ನವೇ ಮಾತನಾಡಿದವನು ಯಾರವನೆಂದು ವಿಚಾರಿಸುವ ಸಮಾಜದಲ್ಲಿ ಎಲ್ಲರಿಗೂ ಸೇರಿದ ಪುರಾಣನಾಮ ಒಂದು ಆಶ್ರಯ. ಸೂತಪುತ್ರನೆಂಬ ಮೂದಲಿಕೆಯಿಂದ ಬೆಂದವನ ಹೆಸರೇ ಕುಲ ಕೇಳುವವರಿಗೆ ಉತ್ತರವಾಗುವುದು ಅರ್ಥಪೂರ್ಣ. ಹೆಣ್ಣುಮಕ್ಕಳಿಗೆ ಈ ಮರೆ ಇನ್ನೂ ಅಗತ್ಯವಾಗಿರಬಹುದು. ಆದರೆ ಈ ಸಾರ್ವತ್ರಿಕತೆಗೆ ಮಿತಿಯೂ ಇದೆ. ಜಾತಿಯನ್ನು ಮುಚ್ಚುವ ಹೆಸರು ಧರ್ಮವನ್ನು ಸೂಚಿಸದೆ ಬಿಡದು. ಮುಸ್ಲಿಂ ಅಥವಾ ಕ್ರೈಸ್ತ ಓದುಗನೊಬ್ಬ ಕರ್ಣನನ್ನು ಎಷ್ಟೇ ಪ್ರೀತಿಸಿದರೂ ಆ ಹೆಸರು ಅವನಿಗೆ ಅದೇ ಬಗೆಯ ಆಶ್ರಯವನ್ನು ಕೊಡಲಾರದು.

ಇನ್ನೊಂದು ಆಕ್ಷೇಪ ಮೌಲ್ಯಕ್ಕೆ ಸಂಬಂಧಿಸಿದ್ದು. ಸ್ವಯಂಸಮೀಕರಣದಲ್ಲಿ ಪಾತ್ರದ ಒಂದೇ ಮುಖ ಉಳಿಯುತ್ತದೆ. ಕರ್ಣನ ನೋವು ಬರುತ್ತದೆ, ಕವಚಕುಂಡಲಗಳನ್ನು ಕೊಟ್ಟ ಕೈ ಬರುವುದಿಲ್ಲ. ದ್ಯೂತಸಭೆಯಲ್ಲಿ ದ್ರೌಪದಿಯನ್ನು ನಿಂದಿಸಿದ ಅವನ ನಾಲಗೆಯ ನೆನಪೂ ಬರುವುದಿಲ್ಲ. ಅಶ್ವತ್ಥಾಮನ ಏಕಾಂತ ಉಳಿದು, ನಿದ್ರಿಸುತ್ತಿದ್ದ ಮಕ್ಕಳನ್ನು ಕೊಂದ ರಾತ್ರಿ ಅಳಿಸಿಹೋಗುತ್ತದೆ. ನೊಂದವನ ಹೆಸರನ್ನು ಧರಿಸಿ ಇತರರನ್ನು ನೋಯಿಸುವ ಮಾತನಾಡುವುದು ಆಗ ಸಾಧ್ಯವಾಗುತ್ತದೆ. ಪಂಪನೂ ಕಥೆಯನ್ನು ತನ್ನ ಉದ್ದೇಶಕ್ಕೆ ತಕ್ಕಂತೆ ತಿದ್ದಿದನು, ನಿಜ. ಆದರೆ ಆ ತಿದ್ದುಪಡಿ ಇಡೀ ಕಾವ್ಯದಲ್ಲಿ ಪರೀಕ್ಷೆಗೆ ಒಳಗಾಯಿತು. ಜಾಲನಾಮದ ಹಿಂದೆ ಅಂಥ ಕಾವ್ಯವಿಲ್ಲ. ಅದನ್ನು ಧರಿಸಿದವನ ದಿನದಿನದ ಮಾತುಗಳಷ್ಟೇ ಇವೆ.

ಒಟ್ಟಿನಲ್ಲಿ, ಪುರಾಣನಾಮದ ಆಯ್ಕೆಯನ್ನು ಮುಖವಾಡವೆಂದಷ್ಟೇ ವಿವರಿಸಿದರೆ ಸಾಲದು. ಮಾತನಾಡುವ ಅಧಿಕಾರ ತನಗೂ ಉಂಟೆಂಬ ಹಕ್ಕೊತ್ತಾಯ ಅದರಲ್ಲಿದೆ, ಮತ್ತು ಕುಲ ಕೇಳುವ ಸಮಾಜದಲ್ಲಿ ಆ ಹಕ್ಕೊತ್ತಾಯ ನ್ಯಾಯವಾದುದು. ಆದರೆ ಕುಮಾರವ್ಯಾಸನಿಂದ ಬೇಂದ್ರೆಯವರವರೆಗಿನ ಪರಂಪರೆ ಹೆಸರಿನೊಡನೆ ಋಣವನ್ನೂ ಹೊತ್ತಿತ್ತು. ಏಕಲವ್ಯನ ಹೆಸರನ್ನು ಎತ್ತಿಕೊಂಡವರ ಮಾತನ್ನು ಏಕಲವ್ಯನ ಕಥೆಯಿಂದಲೇ ಅಳೆಯುವ ಓದುಗವರ್ಗ ಇರುವವರೆಗೆ ಆ ಋಣ ಪೂರ್ತಿಯಾಗಿ ಮರೆತುಹೋಗಲಾರದು. ಹೆಸರುಗಳ ಅಧ್ಯಯನ ವಿಮರ್ಶೆಯ ಕೆಲಸವೂ ಆಗುವುದು ಈ ಕಾರಣದಿಂದಲೇ.