ಮುಚ್ಚದ ಫೈಲಿಗೆ ಯಾರು ಹೊಣೆ?

ವಾಡಿ, ಸೇಡಂ ಕಡೆ ಸಿಮೆಂಟ್ ಹೇರಿದ ಲಾರಿಯಾಗಲಿ, ಶಹಾಬಾದಿನ ಫರಸಿ ಕಲ್ಲಿನ ಲಾರಿಯಾಗಲಿ ಕಾಟಾ ಹತ್ತಲೇಬೇಕು. ಖಾಲಿ ತೂಕ, ತುಂಬಿದ ತೂಕ, ಕೈಗೊಂದು ಚೀಟಿ. ಆ ಕಾಟಾದ ಪ್ರೋಗ್ರಾಂ ಜಾವಾದಲ್ಲಿದೆ, ಚೀಟಿಗೊಂದು ಫೈಲ್ ತೆರೆದು ತೂಕ ಬರೆಯುತ್ತದೆ, ಮುಚ್ಚುವ ಒಂದು ಸಾಲು ಮಾತ್ರ ಬಿಟ್ಟುಹೋಗಿದೆ ಎಂದುಕೊಳ್ಳಿ. ನೂರಾರು ಲಾರಿ ಸಲೀಸಾಗಿ ಹೋಗುತ್ತವೆ. ಆಮೇಲೊಂದು ದಿನ, ಗೇಟಿನಾಚೆ ಸಾಲು ಬೆಳೆದಿರುವಾಗ, ತೆರೆದ ಫೈಲುಗಳು ಮಿತಿಮೀರಿವೆ ಎಂದು ಪ್ರೋಗ್ರಾಂ ನಿಂತುಬಿಡುತ್ತದೆ.

ಜಾವಾದಲ್ಲಿ ಮೆಮೊರಿ ತೆರವು ಮಾಡುವ ಕೆಲಸ ಗಾರ್ಬೇಜ್ ಕಲೆಕ್ಟರಿನದು. ಯಾರಿಗೂ ಬೇಡವಾದ ವಸ್ತುವನ್ನು ಅದು ಗುಡಿಸುವಾಗ ಓಡುವ ತುಣುಕು ಕೋಡೇ ಫೈನಲೈಜರ್. 1996ರ ಮೊದಲ ಆವೃತ್ತಿಯಲ್ಲೇ ಜಾವಾ ಇದನ್ನು ಕೊಟ್ಟಿತ್ತು. ಫೈಲ್ ಮುಚ್ಚುವುದನ್ನೂ ಇದಕ್ಕೇ ಒಪ್ಪಿಸಿದರಾಯಿತಲ್ಲ?

ತೊಡಕು ಇರುವುದೇ ಇಲ್ಲಿ. ಕಲೆಕ್ಟರ್ ಎಚ್ಚರಗೊಳ್ಳುವುದು ಮೆಮೊರಿ ಕಡಿಮೆಯಾದಾಗ, ಫೈಲ್ ಕಡಿಮೆಯಾದಾಗ ಅಲ್ಲ. ಚೀಟಿಯ ವಸ್ತು ತೀರಾ ಚಿಕ್ಕದು, ರ‍್ಯಾಮ್ ಧಾರಾಳವಾಗಿದೆ, ಕಲೆಕ್ಟರಿಗೆ ಏಳುವ ಅವಸರವಿಲ್ಲ. ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಮಿಗೆ ಸಾಮಾನ್ಯವಾಗಿ ಸಿಗುವುದು 1024 ಫೈಲ್. ಜಾವಾ ಈ ಮಿತಿಯನ್ನು ತಾನೇ ಏರಿಸಿಕೊಳ್ಳುತ್ತದೆ, ಏರಿಸಿದ್ದಕ್ಕೂ ಕೊನೆಯಿದೆ.

ಇನ್ನೂ ಕಿರಿಕಿರಿಗಳಿವೆ. ಫೈನಲೈಜರುಗಳು ಯಾವ ಕ್ರಮದಲ್ಲಿ ಓಡುತ್ತವೆಂಬ ಖಾತ್ರಿಯಿಲ್ಲ. ಒಂದು ತಡವಾದರೆ ಹಿಂದಿನವೆಲ್ಲ ಕಾಯಬೇಕು. ಸಾಯಬೇಕಾದ ವಸ್ತುವನ್ನು ಫೈನಲೈಜರೇ ಮತ್ತೆ ಬದುಕಿಸಲೂಬಹುದು. ಪೈಥಾನಿನಲ್ಲಿ ಪರಸ್ಪರ ಹಿಡಿದುಕೊಂಡ ವಸ್ತುಗಳಿಗೆ ಫೈನಲೈಜರ್ ಇದ್ದರೆ ಅವು ತೆರವಾಗದೆ ಉಳಿದುಬಿಡುತ್ತಿದ್ದವು, 2014ರ 3.4ನೇ ಆವೃತ್ತಿ ಅದನ್ನು ಸರಿಪಡಿಸಿತು. ಜಾವಾ 2011ರಲ್ಲಿ, ಬ್ಲಾಕ್ ಮುಗಿದೊಡನೆ ಫೈಲನ್ನು ತಾನಾಗಿ ಮುಚ್ಚುವ ಟ್ರೈ ರಚನೆ ತಂದಿತು, 2017ರಲ್ಲಿ ಫೈನಲೈಜರ್ ಬಳಸಬೇಡಿ ಎಂದಿತು, 2022ರಲ್ಲಿ ಅದನ್ನು ತೆಗೆದುಹಾಕುವುದಾಗಿಯೇ ಸಾರಿತು.

ಹಾಗಂತ ಕಥೆ ಮುಗಿಯಲಿಲ್ಲ. ಬೇಡವೆಂದ 2017ರಲ್ಲೇ ಜಾವಾ ಕ್ಲೀನರ್ ಎಂಬ ಬದಲಿಯನ್ನು ತಂದಿತು. 2021ರಲ್ಲಿ ಜಾವಾಸ್ಕ್ರಿಪ್ಟ್, 2025ರಲ್ಲಿ ಗೋ ತಂತಮ್ಮ ಹೊಸ ಏರ್ಪಾಟು ಮಾಡಿಕೊಂಡವು. ಇವುಗಳ ಜಾಣತನವೆಂದರೆ, ಸತ್ತ ವಸ್ತುವನ್ನು ಕ್ಲೀನರಿನ ಕೈಗೆ ಕೊಡುವುದೇ ಇಲ್ಲ. ಮುಚ್ಚಬೇಕಾದ್ದರ ಗುರುತಷ್ಟೇ ಅದಕ್ಕೆ ಸಿಗುತ್ತದೆ. ಇವು ಇನ್ನೂ ಬೇಕಾಗುವುದಕ್ಕೆ ಕಾರಣವಿದೆ: ಸಿ ಭಾಷೆಯ ಲೈಬ್ರರಿ ಹೊರಗೆ ಹಿಡಿದಿಟ್ಟ ಮೆಮೊರಿ ಕಲೆಕ್ಟರಿನ ಲೆಕ್ಕಕ್ಕೇ ಬರುವುದಿಲ್ಲ. ಬಳಸುವವರು ಬಿಡುಗಡೆ ಮಾಡಲು ಮರೆತರೆ ಲೈಬ್ರರಿ ಬರೆದವರಿಗೆ ಕ್ಲೀನರೊಂದೇ ಆಸರೆ.

ಇದಕ್ಕಿಂತ ದೊಡ್ಡ ಉಪಯೋಗ ತಪ್ಪು ಹಿಡಿಯುವುದು. ಪೈಥಾನನ್ನು ಡೆವಲಪ್‌ಮೆಂಟ್ ಮೋಡ್‌ನಲ್ಲಿ ಓಡಿಸಿದರೆ ಮುಚ್ಚದ ಫೈಲ್ ತೆರವಾಗುವ ಹೊತ್ತಿಗೆ ಅದರ ಹೆಸರು ಹಿಡಿದು ಎಚ್ಚರಿಕೆ ಕೊಡುತ್ತದೆ. ಟ್ರೇಸ್‌ಮ್ಯಾಲಕ್ ಎಂಬ ಅದರದೇ ಸಲಕರಣೆ ಹಚ್ಚಿದರೆ ಆ ಫೈಲನ್ನು ತೆರೆದ ಸಾಲೂ ಸಿಗುತ್ತದೆ. ಕಾಟಾದ ಪ್ರೋಗ್ರಾಂ ಪೈಥಾನಿನಲ್ಲಿದ್ದು ಈ ಮೋಡ್‌ನಲ್ಲಿ ಓಡಿದ್ದರೆ ಮೊದಲ ಚೀಟಿಗೇ ಗುಟ್ಟು ರಟ್ಟಾಗುತ್ತಿತ್ತು, ಏಕೆಂದರೆ ಅದರ ರೂಢಿಯ ಆವೃತ್ತಿ ಕೊನೆಯ ಕೊಂಡಿ ಕಳಚಿದೊಡನೆ ವಸ್ತುವನ್ನು ತೆರವು ಮಾಡುತ್ತದೆ. ಜಾವಾದಲ್ಲಿ ಇಂಥ ಎಚ್ಚರಿಕೆಯನ್ನು ಕ್ಲೀನರಿಗೆ ತಾವೇ ಬರೆದುಕೊಡಬೇಕು, ಪರೀಕ್ಷೆಯ ವೇಳೆ ಕಲೆಕ್ಟರನ್ನು ಬೇಕೆಂದೇ ಎಬ್ಬಿಸಿ ನೋಡಬೇಕು. ಫೈಲ್ ಮುಚ್ಚುವ ಸಾಲು ಮಾತ್ರ ಎರಡೂ ಭಾಷೆಯಲ್ಲಿ ಚೀಟಿ ಬರೆಯುವ ಕೋಡಿನ ಪಕ್ಕದಲ್ಲೇ ಇರತಕ್ಕದ್ದು.